ಟೇಪಿನಲ್ಲಿ ಉಳಿದ ಭಾಗವತಿಕೆ

ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಅಚ್ಚಾಗಿರುತ್ತದೆ. ಭೈರವಿ, ಝಂಪೆ. ಕಾಂಬೋದಿ, ಏಕ. ಅಷ್ಟನ್ನೇ ನೋಡಿ ಯಾರೂ ಪದ್ಯ ಹೇಳಲಾರರು. ಎತ್ತುಗಡೆ ಎಲ್ಲಿ, ತಾಳದ ಪೆಟ್ಟು ಯಾವ ಅಕ್ಷರದ ಮೇಲೆ, ಯಾವ ಸಾಲನ್ನು ಮತ್ತೆ ಎತ್ತಬೇಕು ಎಂಬ ಮಟ್ಟು ಗುರುವಿನ ಬಾಯಿಂದಲೇ ಬರಬೇಕು. ಹಾಗಾಗಿ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಭಾಗವತಿಕೆ, ಅಂದರೆ ಪದ್ಯ ಹಾಡುವ ಬಗೆ, ಹೇಗೆ ಬದಲಾಯಿತು ಎಂದು ತಿಳಿಯಹೊರಟವರಿಗೆ ಪುಸ್ತಕಕ್ಕಿಂತ ಟೇಪೇ ದೊಡ್ಡ ಆಧಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗಳ ಅಟ್ಟದ ಮೇಲಿರುವ ಕ್ಯಾಸೆಟ್ ಡಬ್ಬಿಗಳಿಗೆ ಬೆಲೆ ಬರುವುದು ಈ ಕಾರಣಕ್ಕೆ.

ಟೇಪಿಗಿಂತ ಹಿಂದಿನ ಕಾಲ ಪೂರ್ತಿ ಮೌನ. ಉತ್ತರ ಕನ್ನಡದಿಂದ ಸಾಂಗ್ಲಿಗೆ ಹೋದ ಮೇಳದ ಆಟವೇ 1843ರಲ್ಲಿ ವಿಷ್ಣುದಾಸ ಭಾವೆಯವರ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮೇಳದ ಭಾಗವತರು ಹೇಗೆ ಹಾಡಿದರೆಂದು ಹೇಳಬಲ್ಲವರು ಯಾರೂ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಮೇಲೆ ಗ್ರಾಮಫೋನ್ ದೇಶಕ್ಕೆಲ್ಲ ಹರಡಿತು. ಆದರೆ ಮೂರು ನಿಮಿಷದ ತಟ್ಟೆ ರಂಗಗೀತೆಗೆ ಒಗ್ಗಿದ ಹಾಗೆ ಬೆಳಗಿನ ತನಕ ನಡೆಯುವ ಆಟಕ್ಕೆ ಒಗ್ಗುವುದು ಸಾಧ್ಯವಿರಲಿಲ್ಲ. 1950ರಲ್ಲಿ ಧಾರವಾಡ, 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರಗಳು ಬಂದವು. ಅಲ್ಲೂ ಗಡಿಯಾರದ್ದೇ ಯಜಮಾನಿಕೆ.

ಕಥೆ ನಿಜವಾಗಿ ಶುರುವಾಗುವುದು ಮನೆಮನೆಗೆ ಟೇಪ್ ರೆಕಾರ್ಡರ್ ಬಂದ ಮೇಲೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಬಯಲಾಟ, ಮಳೆಗಾಲ ಬಂದರೆ ಜಗಲಿಯ ತಾಳಮದ್ದಳೆ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆಗೆ ಬರುವ ಟೆಂಟ್ ಮೇಳಗಳು. ಎಲ್ಲ ಕಡೆಯೂ ಭಾಗವತರ ಕಾಲ ಬುಡದಲ್ಲೋ ಧ್ವನಿವರ್ಧಕದ ಎದುರಲ್ಲೋ ಒಂದು ರೆಕಾರ್ಡರ್ ಇರುತ್ತಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ ಆದರೆ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಅಷ್ಟಕ್ಕೆ ಪದ್ಯದ ನಡುವೆಯೇ ಕಟಕ್ ಎಂದು ನಿಲ್ಲುತ್ತದೆ. ಮಗುಚಿ ಹಾಕುವಷ್ಟರಲ್ಲಿ ಕರ್ಣ ಅರ್ಧ ಮಾತು ಮುಗಿಸಿಬಿಟ್ಟಿರುತ್ತಾನೆ. ಈ ಟೇಪುಗಳಲ್ಲಿ ಚಂಡೆ ಕಿವಿಗಡಚಿಕ್ಕುತ್ತದೆ, ಯಾರೋ ಕೆಮ್ಮುತ್ತಾರೆ, ಮಗು ಅಳುತ್ತದೆ. ಆದರೂ ಸ್ಟುಡಿಯೋದಲ್ಲಿ ಒಪ್ಪ ಮಾಡಿ ಮಾರಿದ ಪದ್ಯಗುಚ್ಛಗಳಿಗಿಂತ ಈ ಗಲಾಟೆಯ ಟೇಪುಗಳೇ ನನಗೆ ಮೇಲು. ಪಾತ್ರಧಾರಿ ಮಾತು ಮುಗಿಸುತ್ತಿದ್ದ ಹಾಗೆ ಭಾಗವತ ಹೇಗೆ ಪದ್ಯ ಎತ್ತಿಕೊಂಡ ಎಂಬುದು ಇಲ್ಲಿ ಮಾತ್ರ ಸಿಗುತ್ತದೆ.

ಈ ಟೇಪುಗಳನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಬ್ಯಾಟರಿ ಸೋತ ರೆಕಾರ್ಡರಿನಲ್ಲಿ ಟೇಪು ನಿಧಾನ ಓಡಿರುತ್ತದೆ. ಅದನ್ನೇ ಸರಿಯಾದ ವೇಗದಲ್ಲಿ ಹಾಕಿದರೆ ಲಯವೂ ಚುರುಕು, ಶ್ರುತಿಯೂ ಏರು. ‘ಆ ಕಾಲದ ಭಾಗವತರ ಏರು ಶ್ರುತಿ ನೋಡಿ’ ಎಂಬ ಬೆರಗಿನಲ್ಲಿ ಒಂದು ಪಾಲು ಸೋತ ಬ್ಯಾಟರಿಗೂ ಸಲ್ಲಬೇಕು. ಟೇಪಿನ ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್ ಸದ್ದು ಸಿಕ್ಕಿದರೆ ಪುಣ್ಯ. ಅದು 50 ಹರ್ಟ್ಸ್ ಅಥವಾ ಅದರ ಇಮ್ಮಡಿ ಇರಬೇಕಾದದ್ದರಿಂದ ಕಂಪ್ಯೂಟರಿನಲ್ಲಿ ವೇಗ ಸರಿಪಡಿಸಬಹುದು. ಜನರೇಟರ್ ಹಚ್ಚಿದ ಟೆಂಟಿನ ಆಟವಾದರೆ ಆ ಲೆಕ್ಕವೂ ಕೈಕೊಡುತ್ತದೆ. ಜೊತೆಗೆ ನಮ್ಮ ಮಳೆಗಾಲದ ಬೂಸಲು ಬೇರೆ: ಸುರುಳಿಯ ಅಂಚಿಗೆ ಬೆಳ್ಳಗೆ ಹಿಡಿದಿರುತ್ತದೆ, ಒರೆಸದೆ ಹಾಕಿದರೆ ಹೆಡ್ಡಿಗೂ ಅಂಟುತ್ತದೆ.

ಕ್ಯಾಸೆಟ್ ಯುಗದ ನಾಯಕ ಯಾರೆಂದರೆ ಘಟ್ಟದ ಮೇಲೂ ಕೆಳಗೂ ಒಂದೇ ಉತ್ತರ: ಗುಂಡ್ಮಿ ಕಾಳಿಂಗ ನಾವಡ. ನಾರಣಪ್ಪ ಉಪ್ಪೂರರ ಶಿಷ್ಯ, ‘ನಾಗಶ್ರೀ’ ಪ್ರಸಂಗದ ಕರ್ತೃ. 1958ರಲ್ಲಿ ಹುಟ್ಟಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹೊಸ ರಾಗ, ಬೀಸಿಕೊಂಡು ಹೋಗುವ ಆಲಾಪ, ಕೇಳಿದವರನ್ನು ಕಟ್ಟಿಹಾಕುವ ಕಂಠ. ಅವರು ಹೋದ ಮೇಲೂ ಕ್ಯಾಸೆಟ್ಟುಗಳು ಹಾಡುತ್ತಲೇ ಇದ್ದುದರಿಂದ ಒಂದು ಇಡೀ ತಲೆಮಾರಿನ ಹುಡುಗರು ಗುರುವಿಲ್ಲದೆ ನಾವಡರಿಂದ ಕಲಿತರು. ಆಲಾಪ ಕಲಿತರು, ಬಿಗಿ ಕಲಿಯಲಿಲ್ಲ. ಅದು ನಾವಡರ ತಪ್ಪಲ್ಲ.

ನಾವಡರ ಈ ಶೈಲಿಗೆ ಎದುರಾಗಿ ನಿಲ್ಲುವವರು ಶಿರಸಿ ತಾಲೂಕಿನ ನೆಬ್ಬೂರು ನಾರಾಯಣ ಭಾಗವತರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಹೊನ್ನಾವರದ ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿ, 2019ರಲ್ಲಿ ತೀರಿಕೊಂಡರು. ಬರೀ ಕ್ಯಾಸೆಟ್ ಕೇಳಿದರೆ ನೆಬ್ಬೂರರು ಸಪ್ಪೆ ಎನಿಸುವುದುಂಟು. ಒಂದೇ ಸಾಲು ಮತ್ತೆ ಮತ್ತೆ, ಸಣ್ಣ ಸಣ್ಣ ತಿರುವು, ಸಂಗತಿಗಳ ಸುರಿಮಳೆಯಿಲ್ಲ. ವಿಡಿಯೋ ನೋಡಿದಾಗ ಗುಟ್ಟು ಬಿಡುತ್ತದೆ. ಮೇಳದ ನಟ ಶಂಭು ಹೆಗಡೆಯವರು ಆ ಸಾಲಿಗೆ ಒಂದೊಂದು ಬಾರಿಯೂ ಬೇರೆ ಬೇರೆ ಅಭಿನಯ ಕೊಡುತ್ತಿರುತ್ತಾರೆ; ಭಾಗವತರ ಕಣ್ಣು ಅವರ ಮುಖದ ಮೇಲೇ ಇರುತ್ತದೆ. ಅಭಿನಯ ತುಂಬಿತು ಎಂದಾಗ ಮಾತ್ರ ಮುಂದಿನ ಸಾಲು. ರಂಗಕ್ಕಾಗಿ ಹಾಡಿದ್ದನ್ನು ರಂಗವಿಲ್ಲದೆ ಅಳೆದರೆ ನೆಬ್ಬೂರರಿಗೆ ಅನ್ಯಾಯವಾಗುತ್ತದೆ. ನಟ ಚಿಟ್ಟಾಣಿಯವರ ಕುಣಿತಕ್ಕೆ ಹಾಡಿದ ಕಡತೋಕಾ ಮಂಜುನಾಥ ಭಾಗವತರಿಗೂ ಈ ಮಾತು ಸಲ್ಲುತ್ತದೆ.

ಹಾಡುವವರ ಸಂಗತಿ ಹೀಗಾದರೆ, ಪದ್ಯ ಕಟ್ಟಿದವರದು ಇನ್ನೊಂದು ಬಗೆ. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಇನ್ನೂರಕ್ಕೂ ಹೆಚ್ಚು ಪ್ರಸಂಗ ಬರೆದವರು. 2020ರ ಜನವರಿಯಲ್ಲಿ ತೀರಿಕೊಂಡರು. ಊರೂರು ತಿರುಗಿ ಆಟ ಕಲಿಸಿದರು, ಶಿವಮೊಗ್ಗದಲ್ಲಿ ಅಂಧ ಮಕ್ಕಳಿಗೂ ಕಲಿಸಿ ರಂಗಕ್ಕೆ ತಂದರು. ತಾವೇ ಭಾಗವತರಾದ್ದರಿಂದ ಪದ್ಯ ಬರೆಯುವಾಗಲೇ ಅವರಿಗೆ ಮಟ್ಟು ಕಿವಿಯಲ್ಲಿತ್ತು. ಅಚ್ಚಿನಲ್ಲಿ ಉಳಿಯುವುದು ಮಾತ್ರ ಅದೇ ರಾಗ, ಅದೇ ತಾಳ. ಅವರ ಬಾಯಲ್ಲೇ ಪದ್ಯ ಕೇಳಿಸುವ ತುಣುಕು, ಶಿಬಿರದಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದಾದರೂ ಸರಿ, ಯಾವ ಹೆಸರಾಂತ ಆಟದ ಧ್ವನಿಮುದ್ರಣಕ್ಕೂ ಕಡಿಮೆಯಲ್ಲ.

ಸಂಗ್ರಹದ ಕೆಲಸ ನಡೆದೇ ಇಲ್ಲ ಎನ್ನಲಾಗದು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದ ಜನಪದ ರಂಗಕಲೆಗಳ ಸಂಪನ್ಮೂಲ ಕೇಂದ್ರ ಕ್ರಮಬದ್ಧವಾಗಿ ದಾಖಲಿಸಿತು. ಈಚೆಗೆ ಯಕ್ಷವಾಹಿನಿ ಎಂಬ ಸಂಸ್ಥೆಯ ಆಸಕ್ತರು ಪ್ರಸಂಗ ಪ್ರತಿಗಳನ್ನು ಗಣಕಕ್ಕೆ ಏರಿಸುವುದರ ಜೊತೆಗೆ ಮಟ್ಟುಗಳನ್ನು ಹಾಡಿಸಿ ಇಡುತ್ತಿದ್ದಾರೆ. ಯೂಟ್ಯೂಬಿನಲ್ಲಂತೂ ಯಲ್ಲಾಪುರದ ವಿದ್ವಾನ್ ಗಣಪತಿ ಭಟ್ಟರು, ಸಿದ್ದಾಪುರದ ಕೇಶವ ಹೆಗಡೆ ಕೊಳಗಿ ಮೊದಲಾದವರ ಪದ್ಯಗಳಿಗೆ ಬರವಿಲ್ಲ. ನನ್ನ ತಕರಾರು ಶೀರ್ಷಿಕೆಗಳ ಮೇಲೆ. ‘ಅಪರೂಪದ ಪದ್ಯ, ತಪ್ಪದೇ ಕೇಳಿ’ ಎಂದಿರುತ್ತದೆ. ಯಾವ ಊರು, ಯಾವ ಇಸವಿ, ಯಾವ ಪ್ರಸಂಗ, ಏನೂ ಇಲ್ಲ. ಮದ್ದಳೆಗಾರನ ಹೆಸರಂತೂ ಕೇಳಲೇಬೇಡಿ. ಹಳೆಯ ಕ್ಯಾಸೆಟ್ಟಿನ ಬೆನ್ನಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಊರು, ತಾರೀಕು, ಮುಮ್ಮೇಳ, ಹಿಮ್ಮೇಳ ಬರೆದಿಟ್ಟ ಯಾರೋ ಹವ್ಯಾಸಿ ಇದಕ್ಕಿಂತ ಒಳ್ಳೆಯ ಗ್ರಂಥಪಾಲಕ. ಮೊಬೈಲಿಗೆ ಇಳಿಸಿಕೊಳ್ಳುವವರು ಮೊದಲು ಆ ಚೀಟಿಯ ಫೋಟೋ ತೆಗೆದುಕೊಳ್ಳಲಿ. ಟೇಪು ಹಾಕುವುದು ಆಮೇಲೆ.