ಬ್ರಾಕೆನ್ ಜರಿಗಿಡದ ವಿಷ

ಬ್ರಾಕೆನ್ ಗುಡ್ಡಗಾಡಿನ ತೆರೆದ ಇಳಿಜಾರುಗಳಲ್ಲಿ ದಟ್ಟವಾಗಿ ಹಬ್ಬುವ, ಟೆರಿಡಿಯಂ ಕುಲದ ಜರಿಗಿಡ. ಮೇಯ್ದ ಪ್ರಾಣಿಗೆ ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ಕೆಲವೇ ಸಸ್ಯಗಳಲ್ಲಿ ಇದೊಂದು. ಹಿಮಾಲಯದ ತಪ್ಪಲು, ನೀಲಗಿರಿಯಂಥ ಕಡೆ ಇದನ್ನು ಬಹುಕಾಲ ತಿಂದ ದನಗಳ ಮೂತ್ರದಲ್ಲಿ ರಕ್ತ ಹೋಗುತ್ತದೆ, ಮೂತ್ರಕೋಶದಲ್ಲಿ ಗಂತಿ ಏಳುತ್ತದೆ. 1965ರಲ್ಲಿ ಈವಾನ್ಸ್ ಮತ್ತು ಮೇಸನ್ ಇಲಿಗಳಿಗೆ ಬ್ರಾಕೆನ್ ತಿನ್ನಿಸಿ ಕರುಳಿನ ಕ್ಯಾನ್ಸರ್ ಬರುವುದನ್ನು ತೋರಿಸಿದರು. ವಿಷವಸ್ತು ಟಾಕ್ವಿಲೋಸೈಡ್ 1983ರಲ್ಲಿ ಜಪಾನ್ ಮತ್ತು ನೆದರ್‌ಲೆಂಡ್ಸ್‌ನಲ್ಲಿ ಬೇರೆ ಬೇರೆಯಾಗಿ ಪತ್ತೆಯಾಯಿತು.

ಟಾಕ್ವಿಲೋಸೈಡ್ ತಾನಾಗಿ ಅಷ್ಟು ಉಗ್ರವಲ್ಲ. ಕ್ಷಾರೀಯ ದ್ರವದಲ್ಲಿ ಅದರ ಗ್ಲೂಕೋಸ್ ಭಾಗ ಕಳಚಿ, ಮೂರು ಇಂಗಾಲದ ಬಿಗಿಯಾದ ಉಂಗುರವುಳ್ಳ ಡೈಯೀನೋನ್ ಉಳಿಯುತ್ತದೆ. ಈ ಉಂಗುರ ಬಿಚ್ಚಿಕೊಂಡು ಡಿಎನ್‌ಎಯ ಅಡಿನಿನ್, ಗ್ವಾನಿನ್‌ಗಳಿಗೆ ಅಂಟುತ್ತದೆ. ಅಂಟಿಸಿಕೊಂಡ ಅಡಿನಿನ್ ಉದುರಿದಾಗ ಎಳೆ ತುಂಡಾಗಬಹುದು. ಇಲ್ಲವೇ ರಿಪೇರಿಯಲ್ಲಿ ತಪ್ಪು ಅಕ್ಷರ ಸೇರಿ ಜೀನು ಕೆಡಬಹುದು. ಬ್ರಾಕೆನ್ ತಿನ್ನಿಸಿದ ಕರುಗಳಲ್ಲಿ ಕ್ಯಾನ್ಸರ್‌ಗೆ ನಂಟಿರುವ ಎಚ್-ರಾಸ್ ಜೀನು ಹೀಗೆ ಕೆಟ್ಟದ್ದು ಕಂಡುಬಂದಿದೆ. ದನದ ಮೂತ್ರ ಸಾಮಾನ್ಯವಾಗಿ ಕ್ಷಾರೀಯ. ಏಟು ಮೂತ್ರಕೋಶಕ್ಕೇ ಬೀಳಲು ಇದೊಂದು ಕಾರಣ. ಗೋಜಾತಿಯ ಪ್ಯಾಪಿಲೋಮಾ ವೈರಸ್ಸೂ ಜೊತೆಗೂಡುತ್ತದೆ. ವಿಷ ಹಾಲಿಗೂ ಇಳಿಯುತ್ತದೆ. ಜಪಾನಿನಲ್ಲಿ ಇದರ ಎಳೆ ಸುರುಳಿಯನ್ನು ಬೂದಿನೀರಿನಲ್ಲಿ ಸಂಸ್ಕರಿಸಿ ತಿನ್ನುತ್ತಾರೆ. ಇದರಿಂದ ವಿಷ ಬಹುಪಾಲು ಒಡೆಯುತ್ತದೆ. ಕೊಡಗಿನಲ್ಲಿ ತಿನ್ನುವ ತೆರ್ಮೆ ಸೊಪ್ಪು ಬೇರೆಯೇ ಕುಲದ ಜರಿಗಿಡ.

ಬಾಗಲಕೋಟೆ ಜಿಲ್ಲೆಯ ಕಥೆ ಬೇರೆ: ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆ ಮಳೆ ಕಡಿಮೆಯ ಬಯಲುನಾಡು. ತಂಪು ಬೆಟ್ಟ, ಹುಳಿಮಣ್ಣು ಬೇಡುವ ಬ್ರಾಕೆನ್‌ಗೆ ಸುಣ್ಣದಂಶದ ಎರೆಭೂಮಿ ಒಗ್ಗದು. ಇಲ್ಲಿ ದನ ಕೆಂಪಗೆ ಉಚ್ಚೆ ಹೊಯ್ದರೆ ಮೊದಲು ನೆನೆಯಬೇಕಾದದ್ದು ಉಣ್ಣಿಹುಳುವಿನಿಂದ ಹರಡುವ ಬಬೇಸಿಯಾ ಜ್ವರವನ್ನು.

ಆದರೆ ಡಿಎನ್‌ಎಯನ್ನು ಬ್ರಾಕೆನ್ ವಿಷದ ದಾರಿಯಲ್ಲೇ ಕೆಡಿಸುವ ಇನ್ನೊಂದು ವಿಷಕ್ಕೆ ಬಾಗಲಕೋಟೆಯ ಕಣದಲ್ಲೂ ಜಾಗವಿದೆ. ಒದ್ದೆ ಶೇಂಗಾ, ಗೋವಿನಜೋಳಕ್ಕೆ ಹಿಡಿಯುವ ಆಸ್ಪರ್ಜಿಲ್ಲಸ್ ಬೂಷ್ಟಿನ ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಎಪಾಕ್ಸೈಡ್ ಆಗಿ ಮಾರ್ಪಟ್ಟು ಗ್ವಾನಿನ್‌ಗೆ ಅಂಟುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬ್ರಾಕೆನ್ನನ್ನು 'ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಿರಬಹುದು' ಎಂಬ 2ಬಿ ಗುಂಪಿನಲ್ಲಿಟ್ಟರೆ, ಅಫ್ಲಾಟಾಕ್ಸಿನನ್ನು ಖಚಿತವೆಂದು 1ನೇ ಗುಂಪಿನಲ್ಲಿಟ್ಟಿದೆ. ಈ ಸೀಮೆಯ ರೈತ ಅಂಜಬೇಕಾದದ್ದು ಜರಿಗಿಡಕ್ಕಲ್ಲ, ಬೂಷ್ಟು ಹಿಡಿದ ಹಿಂಡಿಗೆ. ಅದನ್ನು ತಿಂದ ಎಮ್ಮೆಯ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಬರುತ್ತದೆ. ಭಾರತದಲ್ಲಿ ಅದರ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ.