ಅಜ್ಜಿಯ ಕನ್ನಡಕ

ವಿಜಯನಗರ ಸ್ಥಾಪನೆಯಾದ ಇಸವಿ 1336 ಎಂದು ಹುಡುಗಿ ಸರಿಯಾಗಿಯೇ ಬರೆದಿದ್ದಳು. ನಾನು ಅದನ್ನು 1386 ಎಂದು ಓದಿ ತಪ್ಪು ಹಾಕಿದ್ದೆ. "ಟೀಚರ್, ಇದು ಮೂರು" ಎಂದು ಅವಳು ಮೆಲ್ಲಗೆ ಹೇಳಿದಾಗ ನಾಚಿಕೆಯಾಯಿತು. ಶಿವಮೊಗ್ಗದ ವೈದ್ಯರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. ನಾನು ಒಂದಲ್ಲ ಒಂದು ನೆಪ ಹೇಳಿ ಆರು ತಿಂಗಳು ತಳ್ಳಿದೆ. ನಿಜವಾದ ಕಾರಣ ನಮ್ಮ ಅಜ್ಜಿ.

ಅಜ್ಜಿಯ ಮನೆ ಸೊರಬದಲ್ಲಿ. ನಾನು ಚಿಕ್ಕವಳಿದ್ದಾಗ ಶಿಕಾರಿಪುರದ ಶಾಲೆಯೊಂದರಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಅವರ ಪೊರೆ ತೆಗೆದರು. ತಲೆ ಅಲುಗಬಾರದೆಂದು ಎರಡೂ ಪಕ್ಕ ಮರಳಿನ ಚೀಲವಿಟ್ಟು ದಿನಗಟ್ಟಲೆ ಮಲಗಿಸಿದ್ದರು. ಆಗ ಮಂಜಾದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಅದರ ಜಾಗಕ್ಕೆ ಬೇರೇನೂ ಇಡುತ್ತಿರಲಿಲ್ಲ. ಆ ಕೆಲಸವನ್ನು ಸೋಡಾ ಸೀಸೆಯ ತಳದಂಥ ದಪ್ಪ ಕನ್ನಡಕವೇ ಮಾಡಬೇಕಿತ್ತು. ಒಂದು ಮಧ್ಯಾಹ್ನ ಅದನ್ನು ಹಾಕಿಕೊಂಡು ಮೇಷ್ಟ್ರಾಟ ಆಡುತ್ತಾ ಜಗಲಿಯಿಂದ ಬೀಳಿಸಿದೆ. ಹೊಸದು ಬರಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ಅಜ್ಜಿ ಗೋಡೆ ತಡವಿಕೊಂಡು ಓಡಾಡಿದರು. "ಬಿಡು ಮಗಾ, ನೋಡೋದೇನು, ಇದೇ ಗ್ವಾಡೆ ತಾನೆ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಪೊರೆಯ ಚಿಕಿತ್ಸೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಚೂಪಾದ ಸಲಾಕೆಯಿಂದ ಪೊರೆಯನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುವ ಕ್ರಮವಿದೆ. ನಮ್ಮ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ: ಅಲ್ಲಿ ಕುರುಡರಿಗೆ, ಕುಂಟರಿಗೆ, ದಿಕ್ಕಿಲ್ಲದವರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು.

ನಮ್ಮ ಕಾಲದಲ್ಲಿ ಆ ಕೆಲಸವನ್ನು ಊರೂರಿಗೆ ಹೊತ್ತು ತಂದವರಲ್ಲಿ ದೊಡ್ಡ ಹೆಸರು ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರದು. ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದು ಕರೆದರು. ಶಾಲೆ, ಛತ್ರಗಳಲ್ಲಿ ಶಿಬಿರ ನಡೆಸಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದೂ ಉಂಟು. 1993ರ ಹೊತ್ತಿಗೆ ಅವರು ಮಾಡಿದವು ಆರು ಲಕ್ಷ ದಾಟಿದ್ದವು. 2005ರಲ್ಲಿ ತೀರಿಕೊಂಡರು.

ಕಣ್ಣೊಳಗೇ ಕೃತಕ ಮಸೂರ ಇಡುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮಾಡಿ ತೋರಿಸಿದ್ದರು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕೀವಾಗದೆ ಉಳಿದದ್ದನ್ನು ಕಂಡು ಅವರಿಗೆ ಅದು ಹೊಳೆದಿತ್ತು. ಅಜ್ಜಿಯ ಆಪರೇಷನ್ ಆದದ್ದು ಅದಕ್ಕಿಂತ ಎಷ್ಟೋ ವರ್ಷಗಳ ಮೇಲೆ. ಆದರೂ ಅವರ ಪಾಲಿಗೆ ಬಂದದ್ದು ಒಡೆಯುವ ಗಾಜು. ಪರದೇಶದ ಮಸೂರ ಬಡವರ ಕೈಗೆಟುಕುವಂತಿರಲಿಲ್ಲ. 1992ರಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಸ್ಥಾಪಿಸಿ ಇಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು.

ನನ್ನ ಸರದಿ ಬಂದಾಗ ಕಣ್ಣಿಗೆ ಮರಗಟ್ಟುವ ಹನಿ ಹಾಕಿದರು. ದೊಡ್ಡದೊಂದು ಬೆಳಕು, ಅದರೊಳಗೆ ನೀರು ಹರಿದಂತೆ ಬಣ್ಣಗಳು. ಸಣ್ಣ ಸೀಳಿನಿಂದ ಪೊರೆಯನ್ನು ಶಬ್ದತರಂಗದಲ್ಲಿ ಪುಡಿಮಾಡಿ ಹೀರಿ, ಮಡಚಿದ ಮಸೂರವನ್ನು ಒಳಗೆ ಬಿಟ್ಟರು. ಅರ್ಧ ಗಂಟೆಯೊಳಗೆ ಮುಗಿಯಿತು. ಸಂಜೆಗೇ ಮನೆಗೆ ಬಂದೆ. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿನ ಗೋಡೆ ಕಂಡಿತು, ಬರಿಯ ಬಿಳಿ ಗೋಡೆ. ಅದರ ಸುಣ್ಣದ ಬಿರುಕುಗಳನ್ನೂ ಎಣಿಸಬಹುದಾಗಿತ್ತು. ಅಜ್ಜಿಯ ಮಾತು ನೆನಪಾಗಿ ಅಳು ಬಂತು. ನರ್ಸಮ್ಮ, ಅಳಬಾರದು, ಕಣ್ಣು ಒರೆಸಿಕೊಳ್ಳಬಾರದು ಎಂದು ಗದರಿದರು.

ಮಕ್ಕಳಿಗೆ ಇತಿಹಾಸವೆಂದು ನಾವು ಕಲಿಸುವುದು ಕಂಡುಹಿಡಿದ ಇಸವಿಯನ್ನು. ಅದು ಸೊರಬದ ಮುದುಕಿಯೊಬ್ಬಳವರೆಗೆ ಬಂದು ಮುಟ್ಟಿದ ಇಸವಿ ಯಾವುದೆಂದು ನಾನೂ ಇಷ್ಟು ವರ್ಷ ಕೇಳಿರಲಿಲ್ಲ. ಈಗ ತರಗತಿಯಲ್ಲಿ ಕೇಳುತ್ತೇನೆ. ಮೊನ್ನೆ ಆ 1336ರ ಹುಡುಗಿಯೇ ತಮ್ಮ ಮನೆಗೆ ಕರೆಂಟು ಬಂದ ಇಸವಿಯನ್ನು ಅಜ್ಜನಿಂದ ಕೇಳಿ ಬರೆದು ತಂದಿದ್ದಳು. ಈ ಸಲ ಅಂಕಿಗಳನ್ನು ಸರಿಯಾಗಿ ಓದಿದೆ.