ಹನ್ನೆರಡರ ಮಕ್ಕಳಿಗೆ ಇತಿಹಾಸದ ಪುಸ್ತಕ

ಗೋಪಿನಾಥಂ ಎಂದರೆ ಹೊರಗಿನವರಿಗೆ ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು, ಅಷ್ಟೆ. ಅಲ್ಲಿ ಇಂದು ಆರನೇ, ಏಳನೇ ತರಗತಿಯಲ್ಲಿರುವ ಮಕ್ಕಳಿಗೆ 2004ರಲ್ಲಿ ಸತ್ತ ಅವನೂ ಇತಿಹಾಸವೇ. ಆ ವಯಸ್ಸಿನವರಿಗೆ ಹಿಡಿಸುವ ಇತಿಹಾಸ ಪುಸ್ತಕ ಕನ್ನಡದಲ್ಲಿ ಯಾವುದಿದೆ ಎಂದು ಹುಡುಕಹೊರಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ತುಳುವರ ಜನಪದ ಹಾಡಾದ ಪಾಡ್ದನದಲ್ಲಿದ್ದ ಅವಳಿ ವೀರರು ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. ಊರಿನ ಹಾಡಿನಿಂದ ಚರಿತ್ರೆ ಹೆಕ್ಕುವ ಈ ದಾರಿಯಲ್ಲಿ ಆಮೇಲೆ ನಡೆದವರು ಕಡಿಮೆ. ನನ್ನ ತಕರಾರು ಇರುವುದೇ ಅಲ್ಲಿ. ಬೇರೆ ದಾರಿಗಳಲ್ಲೇನೋ ಕೆಲಸ ನಡೆಯಿತು: 1930ರ ದಶಕದ ‘ಬಾಲಪ್ರಪಂಚ’ದ ಮೂರು ಸಂಪುಟಗಳಲ್ಲಿ ಶಿವರಾಮ ಕಾರಂತರು ಜಗತ್ತನ್ನೇ ಮಕ್ಕಳ ಮುಂದೆ ಹರವಿದರು.

ಮುಂದಿನದು ಚಿತ್ರಕಥೆಯ ಕಾಲ. ಕಾರ್ಕಳದ ಅನಂತ ಪೈ ಅವರ ‘ಅಮರ ಚಿತ್ರ ಕಥೆ’ಯಲ್ಲಿ ‘ಕೃಷ್ಣ’ನಿಗೆ ಸಿಕ್ಕ ಸಂಖ್ಯೆ 11. ಮೊದಲ ಹತ್ತು, ಕನ್ನಡದಲ್ಲಿ ಅಚ್ಚಾದ ಪಾಶ್ಚಾತ್ಯ ಕಿನ್ನರಕಥೆಗಳು!

ನಿಜವಾಗಿ ಹಳ್ಳಿ ಶಾಲೆಯ ಬೀರು ತುಂಬಿದ್ದು 1970ರ ದಶಕದಲ್ಲಿ ಶುರುವಾದ ರಾಷ್ಟ್ರೋತ್ಥಾನದ ‘ಭಾರತ–ಭಾರತಿ’. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಟ್ಟ ಪುಸ್ತಕಗಳು. ಒಂದೊಂದಕ್ಕೂ ಒಬ್ಬ ಮಹನೀಯರು. ಭಾಷೆ ತಿಳಿ, ಗಾತ್ರ ಚಿಕ್ಕದು, ಒಂದೇ ಪಟ್ಟಿಗೆ ಓದಿ ಮುಗಿಸಬಹುದು. ಆದರೆ ಮಹನೀಯರಿಗೆ ತಪ್ಪುಗಳಿಲ್ಲ, ಅನುಮಾನಗಳಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆಗೂ ಜಾಗವಿಲ್ಲ. ಹನ್ನೆರಡರ ಹುಡುಗಿ ಕೇಳುವುದೇ ಅದನ್ನು. ಪಠ್ಯಪುಸ್ತಕ ಎಂಟನೇ ತರಗತಿಯಲ್ಲಾದರೂ ‘ಆಧಾರಗಳು’ ಎಂಬ ಪಾಠ ಇಟ್ಟಿದೆ. ಬಿಡುವಿನ ಓದಿಗೆಂದು ಬರೆಯುವವರು ಇನ್ನೂ ಅಷ್ಟು ದೂರ ಬಂದಿಲ್ಲ.

2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯದ ಬಾಗಿಲು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಕಪಾಟಿನಲ್ಲಿ ಏನಿಡಬೇಕು ಎಂಬುದು ಬೇರೆ ಮಾತು.

ಹಾಗೆ ನೋಡಿದರೆ ಗೋಪಿನಾಥಂ ಇರುವ ಈ ಕೊಳ್ಳೇಗಾಲ ಸೀಮೆಯಲ್ಲಿ ಇತಿಹಾಸದ ಸರಕಿಗೇನೂ ಬರವಿಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗೋಪಿನಾಥಂನ ಎಷ್ಟೋ ಮನೆಗಳಲ್ಲಿ ಇಂದಿಗೂ ತಮಿಳೇ ಆಡುಮಾತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಕವಯಿತ್ರಿ ಸಂಚಿ ಹೊನ್ನಮ್ಮನ ಊರು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಂಸಾಳೆಯವರು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಗೋಪಿನಾಥಂನ ಮಾರಿಯಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ವೀರಪ್ಪನ್ ಶರಣಾಗುತ್ತಾನೆಂದು ನಂಬಿ ಬರಿಗೈಯಲ್ಲಿ ಕಾಡಿಗೆ ಹೋದವರು ಶ್ರೀನಿವಾಸ್. ಆ ನಂಬಿಕೆ ಸರಿಯೇ, ತಪ್ಪೇ ಎಂದು ಏಳನೇ ತರಗತಿಯಲ್ಲಿ ಒಂದು ಪೀರಿಯಡ್ ಪೂರ್ತಿ ವಾದ ಮಾಡಿಸಬಹುದು.

ಇವನ್ನೆಲ್ಲ ಮಕ್ಕಳಿಗೆ ಹೇಳುವ ಪುಸ್ತಕ ಬರುವ ತನಕ ಮೇಷ್ಟ್ರಿಗೆ ನನ್ನ ಶಿಫಾರಸು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿಯವರ ಪುಸ್ತಕ. 1997ರಲ್ಲಿ ವೀರಪ್ಪನ್ ಸೆರೆಯಲ್ಲಿ ಕಳೆದ 14 ದಿನಗಳನ್ನು ಅವರು ನಗೆ ಬೆರೆಸಿ ಬರೆದಿದ್ದಾರೆ. ಅದು ದೊಡ್ಡವರ ಪುಸ್ತಕ, ನಿಜ; ಆಯ್ದ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಲು ಅದೇನೂ ಅಡ್ಡಿಯಲ್ಲ.